ಲೆಕ್ಕಕ್ಕುಂಟು, ನೆರವಿಗಿಲ್ಲ

ವಿದ್ಯಾರ್ಥಿವೇತನದ ಅರ್ಜಿಯನ್ನು ಎಂದಾದರೂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ನೋಡಿದ್ದೀರಾ? ತಂದೆಯ ಹೆಸರು, ತಂದೆಯ ಉದ್ಯೋಗ, ತಂದೆಯ ವಾರ್ಷಿಕ ಆದಾಯ, ಹಿಂದಿನ ವರ್ಷ ಓದಿದ ತರಗತಿ, ಹಾಸ್ಟೆಲ್‌ನಲ್ಲಿದ್ದೀರೋ ಮನೆಯಿಂದ ಬರುತ್ತೀರೋ, ಕೋರ್ಸ್ ರೆಗ್ಯುಲರ್ ಹೌದೋ ಅಲ್ಲವೋ. ಈ ಕಾಲಂಗಳನ್ನೆಲ್ಲ ಜೋಡಿಸಿದರೆ ಒಬ್ಬ ವಿದ್ಯಾರ್ಥಿಯ ಚಿತ್ರ ಮೂಡುತ್ತದೆ. ವಯಸ್ಸು 18 ಅಥವಾ 19. ಹೋದ ವರ್ಷವಷ್ಟೇ ಪಿಯುಸಿ ಮುಗಿದಿದೆ. ಅಪ್ಪನ ದುಡಿಮೆಯಲ್ಲಿ ಓದು ಸಾಗುತ್ತಿದೆ. ಬೆಳಿಗ್ಗೆ ಬಸ್ಸು ಹತ್ತಿ ಕಾಲೇಜಿಗೆ ಹೋಗಿ ಸಂಜೆ ಮನೆಗೆ ಬರುವುದೇ ಅವರ ಕೆಲಸ.

ನನಗೆ 29. ಪಿಯುಸಿ ಮುಗಿದು ಹತ್ತು ವರ್ಷವಾದ ಮೇಲೆ ಬಿ.ಎ.ಗೆ ಸೇರಿದ್ದೇನೆ, ದೂರಶಿಕ್ಷಣದಲ್ಲಿ. ಹಗಲು ತುಮಕೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸ, ರಾತ್ರಿ ಮಗ ಮಲಗಿದ ಮೇಲೆ ಓದು. ಭಾನುವಾರದ ಸಂಪರ್ಕ ತರಗತಿಗೆ ಹೋದರೆ ಬೆಂಚಿನ ಆಚೆ ಈಚೆ ಕೂತವರೆಲ್ಲ ಹೆಚ್ಚುಕಡಿಮೆ ನನ್ನಂಥವರೇ. ಗಾರ್ಮೆಂಟ್ಸ್‌ಗೆ ಹೋಗುವವರು, ಆಟೊ ಓಡಿಸುವವರು, ಅಂಗನವಾಡಿ ಕಾರ್ಯಕರ್ತೆಯರು, ಗ್ರಾಮ ಪಂಚಾಯಿತಿಯಲ್ಲಿ ಗುತ್ತಿಗೆ ಕೆಲಸದವರು, ಸೇನೆಯಿಂದ ನಿವೃತ್ತರಾಗಿ ಬಂದ ಒಬ್ಬರು. ಅರ್ಜಿಯ ಆ ಚಿತ್ರಕ್ಕೆ ನಮ್ಮಲ್ಲಿ ಯಾರೂ ಹೊಂದುವುದಿಲ್ಲ. ಹಾಗಾದರೆ ಓದಲು ಮರಳಿ ಬಂದ ದೊಡ್ಡವರಿಗೆ ಸರ್ಕಾರ ಏನು ಕೊಡುತ್ತದೆ ಎಂದು ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ. ಉನ್ನತ ಶಿಕ್ಷಣದಲ್ಲಿ ದೇಶ ಎಷ್ಟು ಮುಂದಿದೆ ಎಂದು ಅಳೆಯಲು ಬಳಸುವ ಕೋಲು ಒಟ್ಟು ದಾಖಲಾತಿ ಅನುಪಾತ. ಕೇಂದ್ರ ಶಿಕ್ಷಣ ಸಚಿವಾಲಯದ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ ಇದನ್ನು ಪ್ರಕಟಿಸುತ್ತದೆ. 2021–22ರ ವರದಿಯಂತೆ ದೇಶದ ಅನುಪಾತ ಶೇ 28.4, ಕರ್ನಾಟಕದ್ದು ಶೇ 36.2. ಇದನ್ನು 2035ರೊಳಗೆ ಶೇ 50ಕ್ಕೆ ಏರಿಸಬೇಕು ಎಂಬುದು ರಾಷ್ಟ್ರೀಯ ಶಿಕ್ಷಣ ನೀತಿಯ ಗುರಿ. ಇದನ್ನು ಲೆಕ್ಕ ಹಾಕುವ ಬಗೆ ಸ್ವಾರಸ್ಯವಾಗಿದೆ. ಕೆಳಗೆ, ಭಾಗಿಸುವ ಜಾಗದಲ್ಲಿ, 18ರಿಂದ 23 ವರ್ಷದವರ ಜನಸಂಖ್ಯೆ ಮಾತ್ರ. ಮೇಲೆ, ಯಾವ ವಯಸ್ಸಿನವರಾದರೂ ಸರಿ, ದಾಖಲಾದ ಎಲ್ಲರೂ. ದೂರಶಿಕ್ಷಣದವರೂ ಸೇರಿ.

ಅಂದರೆ 29ರ ನಾನು, ನನ್ನ ಪಕ್ಕದ 41ರ ಆಟೊ ಚಾಲಕರು, ಇಬ್ಬರೂ ಮೇಲಿನ ಸಂಖ್ಯೆಗೆ ಸೇರುತ್ತೇವೆ, ಕೆಳಗಿನದಕ್ಕೆ ಸೇರುವುದಿಲ್ಲ. ನಮ್ಮಂಥವರು ಒಬ್ಬೊಬ್ಬರು ಸೇರಿದಾಗಲೂ ಸರ್ಕಾರದ ಅಂಕಿ ಚೂರು ಮೇಲೇರುತ್ತದೆ. 2020–21ರಲ್ಲಿ ದೇಶದ ಸುಮಾರು 4.14 ಕೋಟಿ ಉನ್ನತ ಶಿಕ್ಷಣದ ವಿದ್ಯಾರ್ಥಿಗಳಲ್ಲಿ ದೂರಶಿಕ್ಷಣದವರೇ 45 ಲಕ್ಷಕ್ಕೂ ಹೆಚ್ಚು. ಅವರನ್ನು ತೆಗೆದುಹಾಕಿದರೆ ಅನುಪಾತ ಎಲ್ಲಿಗೆ ಇಳಿಯುತ್ತದೆ ಎಂದು ನೀವೇ ಊಹಿಸಿ. ಚಿಕ್ಕವರಿದ್ದಾಗ ಆಟದಲ್ಲಿ ತೀರಾ ಪುಟ್ಟವರನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಿದ್ದೆವಲ್ಲ, ಇಲ್ಲಿ ಅದು ತಿರುಗುಮುರುಗು. ನಾವು ಲೆಕ್ಕಕ್ಕಿದ್ದೇವೆ, ಆಟಕ್ಕಿಲ್ಲ.

ಆಟಕ್ಕಿಲ್ಲ ಎನ್ನಲು ಕಾರಣಗಳಿವೆ. ಕೇಂದ್ರ ಸರ್ಕಾರವು ಕಾಲೇಜು ವಿದ್ಯಾರ್ಥಿಗಳಿಗೆ ಕೊಡುವ ಮುಖ್ಯ ಪ್ರತಿಭಾ ವಿದ್ಯಾರ್ಥಿವೇತನ ವರ್ಷಕ್ಕೆ 82,000 ಹೊಸಬರಿಗೆ ಸಿಗುತ್ತದೆ. ಪದವಿಯ ಮೂರು ವರ್ಷ ತಲಾ ₹12,000. ಹನ್ನೆರಡನೇ ತರಗತಿಯ ಅಂಕದಲ್ಲಿ ತಮ್ಮ ಮಂಡಳಿಯ ಮೇಲಿನ ಐದನೇ ಒಂದು ಭಾಗದಲ್ಲಿರಬೇಕು, ಕುಟುಂಬದ ಆದಾಯ ₹4.5 ಲಕ್ಷ ಮೀರಿರಬಾರದು, ಕೋರ್ಸ್ ರೆಗ್ಯುಲರ್ ಆಗಿರಬೇಕು. ಅಂಚೆ ಅಥವಾ ದೂರಶಿಕ್ಷಣದವರು ಅರ್ಜಿ ಹಾಕುವ ಹಾಗೇ ಇಲ್ಲ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಜಾಮೀನಿಲ್ಲದ ಶಿಕ್ಷಣ ಸಾಲವಿದೆ, ₹8 ಲಕ್ಷದೊಳಗಿನ ಆದಾಯದವರಿಗೆ ₹10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ಸಹಾಯಧನವೂ ಇದೆ. ಆದರೆ ಅದು ಆಯ್ದ ಉನ್ನತ ಸಂಸ್ಥೆಗಳಿಗೆ ಸೀಮಿತ. ನಮ್ಮ ತಾಲ್ಲೂಕಿನ ಪದವಿ ಕಾಲೇಜಿಗೂ ಆ ಪಟ್ಟಿಗೂ ಬಹಳ ದೂರ.

ರೆಗ್ಯುಲರ್ ಕಾಲೇಜಿಗೇ ಸೇರಬಹುದಲ್ಲ ಎಂದು ಕೇಳುವವರಿದ್ದಾರೆ. ಸೇರಬಹುದು, ಯಾರೂ ತಡೆಯುವುದಿಲ್ಲ. ಸರ್ಕಾರಿ ಪದವಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿಯೂ ಇದೆ. ಆದರೆ ಶೇ 75 ಹಾಜರಾತಿ ಬೇಕು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕಾಲೇಜಿನಲ್ಲಿ ಕೂತರೆ ಅಂಗಡಿಯ ಸಂಬಳ ಯಾರು ಕೊಡುತ್ತಾರೆ? ದುಡಿಯುವವರು ದೂರಶಿಕ್ಷಣಕ್ಕೆ ಬರುವುದು ಬೇರೆ ದಾರಿ ಇಲ್ಲದೆ. ಬಂದ ತಕ್ಷಣ ನೆರವಿನ ಬಾಗಿಲು ಮುಚ್ಚುತ್ತದೆ. ಇದರ ನಡುವೆ 2022ರಲ್ಲಿ ಯುಜಿಸಿ ಒಂದು ಸೂಚನೆ ಹೊರಡಿಸಿತು. ಮಾನ್ಯತೆ ಪಡೆದ ಸಂಸ್ಥೆಗಳ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ರೆಗ್ಯುಲರ್ ಪದವಿಗೆ ಸಮಾನ ಎಂದು ಅದರಲ್ಲಿ ಹೇಳಿತ್ತು. ನೋಡಿ, ಪದವಿ ಕೈಗೆ ಬಂದ ದಿನ ನಾನೂ ರೆಗ್ಯುಲರ್‌ನವರೂ ಸಮಾನರು. ಓದುವ ಮೂರು ವರ್ಷ ಮಾತ್ರ ಅಲ್ಲ.

ರಾಜ್ಯದ ಕಡೆಗೆ ಬರೋಣ. ಯುವನಿಧಿ ನಿಮಗೆಲ್ಲ ಗೊತ್ತು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಹಣ ಹಂಚಿಕೆಗೆ ಚಾಲನೆ ಸಿಕ್ಕಿತು. ಓದು ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾದವರಿಗೆ ₹1,500, ಗರಿಷ್ಠ ಎರಡು ವರ್ಷ. ಒಳ್ಳೆಯ ಯೋಜನೆ, ಅನುಮಾನವಿಲ್ಲ. ಅದರಲ್ಲೊಂದು ಷರತ್ತಿದೆ: ಮುಂದಿನ ಓದಿಗೆ ಸೇರಿದವರಿಗೆ ಹಣವಿಲ್ಲ. ಡಿಪ್ಲೊಮಾ ಮುಗಿಸಿ ಕೆಲಸ ಸಿಗದೆ ಕುಳಿತ ಹುಡುಗ ಕೆಲಸ ಹುಡುಕುತ್ತಲೇ ಸಂಜೆ ಹೊತ್ತು ಓದಿ ಪದವಿ ಮಾಡಿಕೊಳ್ಳುತ್ತೇನೆ ಎಂದು ಹೊರಟರೆ ₹1,500 ನಿಲ್ಲುತ್ತದೆ. ಸುಮ್ಮನೆ ಕುಳಿತರೆ ಬರುತ್ತದೆ. ಎಂ.ಎ.ಗೆ ಪೂರ್ಣಾವಧಿ ಸೇರಿದವರನ್ನು ನಿರುದ್ಯೋಗಿ ಎನ್ನುವುದು ಸರಿಯಲ್ಲ ಎಂಬ ವಾದ ನನಗೆ ಅರ್ಥವಾಗುತ್ತದೆ. ಭಾನುವಾರದ ತರಗತಿಗೆ ಹೋಗುವವರನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ಮಾತ್ರ ಅರ್ಥವಾಗುವುದಿಲ್ಲ.

ಇನ್ನು ಕಾರ್ಮಿಕರಿಗಾಗಿಯೇ ಇರುವ ಯೋಜನೆಗಳು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕೊಡುವ ಶೈಕ್ಷಣಿಕ ಸಹಾಯಧನ ನೋಂದಾಯಿತ ಕಾರ್ಮಿಕರ ಮಕ್ಕಳಿಗೆ. ಸಂಘಟಿತ ಕಾರ್ಮಿಕರ ಕಲ್ಯಾಣ ಮಂಡಳಿಯದೂ ಹಾಗೆಯೇ. 2021ರಲ್ಲಿ ಶುರುವಾದ ಮುಖ್ಯಮಂತ್ರಿ ರೈತ ವಿದ್ಯಾನಿಧಿಯಲ್ಲಿ ಪದವಿ ಓದುವ ಹುಡುಗರಿಗೆ ವರ್ಷಕ್ಕೆ ₹5,000, ಹುಡುಗಿಯರಿಗೆ ₹5,500. ಅದೂ ರೈತರ ಮಕ್ಕಳಿಗೆ. ಮುಂದೆ ಅದನ್ನು ನೇಕಾರರು, ಮೀನುಗಾರರು, ಆಟೊ ಮತ್ತು ಟ್ಯಾಕ್ಸಿ ಚಾಲಕರ ಮಕ್ಕಳಿಗೂ ವಿಸ್ತರಿಸಿದರು. ಮಕ್ಕಳಿಗೆ ಕೊಡುವುದು ತಪ್ಪೆಂದು ಯಾರು ಹೇಳುತ್ತಾರೆ? ಆದರೆ ಗಾರೆ ಕೆಲಸ ಮಾಡುವ 26ರ ಹುಡುಗನೊಬ್ಬ ತಾನೇ ಓದಬಯಸಬಹುದು ಎಂಬ ಯೋಚನೆ ಈ ಯಾವ ಯೋಜನೆಯ ಬೆನ್ನಿಗೂ ಇಲ್ಲ. ದುಡಿಯುವವರು ಓದುವುದಿಲ್ಲ, ಓದುವವರು ದುಡಿಯುವುದಿಲ್ಲ ಎಂದು ಗೆರೆ ಎಳೆದು ಬರೆದಂತಿದೆ. ಆ ಹುಡುಗನ ಹೆಸರಲ್ಲಿ ಮಂಡಳಿಗೆ ಸುಂಕ ಸಂದಾಯವಾಗುತ್ತಿರುತ್ತದೆ. ಅದರ ಓದಿನ ಭಾಗ ಅವನಿಗೆ ಸಿಗಬೇಕಾದರೆ ಅವನು ಮದುವೆಯಾಗಿ, ಮಗುವಾಗಿ, ಆ ಮಗು ಶಾಲೆಗೆ ಸೇರುವವರೆಗೆ ಕಾಯಬೇಕು!

ಅದೇ ಹೊತ್ತಿಗೆ, ಈಗಾಗಲೇ ಮೇಲೆ ಬಂದವರು ಮತ್ತೆ ಓದುತ್ತೇವೆಂದರೆ ದಾರಿಗಳಿವೆ. ಸರ್ಕಾರಿ ನೌಕರರಿಗೆ ಅಧ್ಯಯನ ರಜೆಯ ನಿಯಮ ಇದೆ. ಆದಾಯ ತೆರಿಗೆ ಕಟ್ಟುವವರು ಹಳೆಯ ಪದ್ಧತಿಯಲ್ಲಿದ್ದರೆ, ತಮ್ಮ ಓದಿಗಾಗಿ ಮಾಡಿದ ಸಾಲದ ಬಡ್ಡಿಯನ್ನು 80ಇ ಸೆಕ್ಷನ್ನಿನಡಿ ಎಂಟು ವರ್ಷ ಆದಾಯದಿಂದ ಕಳೆಯಬಹುದು. ಅಲ್ಲಿ ವಯಸ್ಸು ಕೇಳುವುದಿಲ್ಲ, ಅಪ್ಪನ ಆದಾಯವನ್ನೂ ಕೇಳುವುದಿಲ್ಲ. ದೊಡ್ಡವರ ಓದಿಗೆ ಸರ್ಕಾರದ ದುಡ್ಡು ಹೋಗುತ್ತಲೇ ಇಲ್ಲ ಎಂದಲ್ಲ ಹಾಗಾದರೆ. ತೆರಿಗೆ ಕಟ್ಟುವಷ್ಟು ಸಂಬಳವಿದ್ದವರ ಕಡೆಗೆ ಹೋಗುತ್ತಿದೆ.

ಇಷ್ಟೆಲ್ಲ ಹೇಳಿ, ಇರುವುದನ್ನು ಹೇಳದಿದ್ದರೆ ಅನ್ಯಾಯ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಈ ಪೈಕಿ ಬೇರೆಯೇ ತೂಕದ್ದು. ಅಂಚೆ ಶಿಕ್ಷಣದವರಿಗೂ ಶುಲ್ಕ ಮರುಪಾವತಿ, ಪುಸ್ತಕಕ್ಕೆ ವರ್ಷಕ್ಕೆ ₹1,200 ಎಂದು ಅದರ ಮಾರ್ಗಸೂಚಿಯಲ್ಲಿ ಬಹುಕಾಲ ಇತ್ತು. ಕೆಲಸದಲ್ಲಿದ್ದು ಓದುವವರ ಆದಾಯ, ಪೋಷಕರದೂ ಸೇರಿ, ಮಿತಿಯೊಳಗಿದ್ದರೆ ಶುಲ್ಕದ ಮಟ್ಟಿಗೆ ನೆರವು ಎಂದೂ ಇತ್ತು. ದುಡಿಯುವ ವಿದ್ಯಾರ್ಥಿ ಎಂಬ ಮನುಷ್ಯ ಇದ್ದಾನೆಂದು ಒಪ್ಪಿಕೊಂಡ ನಿಯಮ ಅದು.

ಈ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಬಾಬಾಸಾಹೇಬ್ ಅಂಬೇಡ್ಕರ್ ವೈಸ್‌ರಾಯ್ ಅವರ ಕಾರ್ಯಕಾರಿ ಮಂಡಳಿಯಲ್ಲಿದ್ದ ಕಾಲದಲ್ಲಿ. ಅಂಬೇಡ್ಕರ್ ಅವರನ್ನು ಓದಿನಲ್ಲಿ ಮುಂದಿದ್ದ ಮೇಧಾವಿ ಎಂದು ನಾವೆಲ್ಲ ನೆನೆಯುತ್ತೇವೆ. ಅವರು ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಗಿ ಬಂದು, ಮತ್ತೆ ಮರಳಿದವರೂ ಹೌದು ಎಂಬುದು ಅಷ್ಟಾಗಿ ನೆನಪಾಗುವುದಿಲ್ಲ. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಲಂಡನ್ನಿನ ಓದು ನಿಲ್ಲಿಸಿ ಅವರು ಭಾರತಕ್ಕೆ ವಾಪಸಾದರು. ಮುಂಬೈನ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ ದುಡ್ಡು ಕೂಡಿಟ್ಟರು. ಅದರ ಜೊತೆಗೆ ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ. 1920ರಲ್ಲಿ ಮತ್ತೆ ಲಂಡನ್ನಿಗೆ ಹೋದಾಗ ಅವರಿಗೆ 29 ವರ್ಷ, ಮನೆಯಲ್ಲಿ ಹೆಂಡತಿ, ಮಗ. 1923ರಲ್ಲಿ ಡಿ.ಎಸ್‌ಸಿ. ಪದವಿ ಬಂತು. ಉಳಿತಾಯ, ಒಬ್ಬರ ಸಹಾಯ, ಇನ್ನೊಬ್ಬರ ಸಾಲ: ನಮ್ಮ ಭಾನುವಾರದ ತರಗತಿಯಲ್ಲಿ ಕೇಳಿದರೂ ಶುಲ್ಕ ಕಟ್ಟಿದ ಬಗೆ ಇಂದಿಗೂ ಹೆಚ್ಚುಕಡಿಮೆ ಇದೇ. ಒಬ್ಬಾಕೆಯ ಪರೀಕ್ಷಾ ಶುಲ್ಕ ಅವಳತ್ತೆಯ ಗೃಹಲಕ್ಷ್ಮಿಯ ₹2,000ದಿಂದ ಬಂತು. ಅತ್ತೆ ಮನಸ್ಸು ಮಾಡಿದ್ದರಿಂದ ಬಂತು ಅನ್ನಿ.

ಹೆಣ್ಣುಮಕ್ಕಳ ವಿಷಯಕ್ಕೆ ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮರಳಿ ಓದಲು ಬರುವವರಲ್ಲಿ ಪಿಯುಸಿ ನಂತರ ಮದುವೆಯಾದ ನಮ್ಮಂಥವರು ಬಹಳ. ಅದೇ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ನಿಯಮದಲ್ಲಿ, ಕೆಲಸದಲ್ಲಿಲ್ಲದ ವಿವಾಹಿತ ವಿದ್ಯಾರ್ಥಿನಿಗೆ ಗಂಡನ ಆದಾಯವನ್ನು ಪರಿಗಣಿಸಬೇಕು ಎಂದಿದೆ. ಮನೆಯ ಆದಾಯ ನೋಡುವುದು ತಪ್ಪಲ್ಲ. ಕಾಗದದ ಮೇಲೆ ಅದು ಸರಳವಾಗಿಯೂ ಕಾಣುತ್ತದೆ. ಊರಿನಲ್ಲಿ ಅದರ ಅರ್ಥ ಬೇರೆ. ಗಂಡನಿಗೆ ಇಷ್ಟವಿಲ್ಲದಿದ್ದರೆ ಅವನ ಆದಾಯ ಪ್ರಮಾಣಪತ್ರ ಬರುವುದಿಲ್ಲ. ಗಂಡನಿಂದ ದೂರವಾಗಿ ತವರಿನಲ್ಲಿದ್ದು, ಕೋರ್ಟಿನಲ್ಲಿ ಇನ್ನೂ ಏನೂ ತೀರ್ಮಾನವಾಗದಿದ್ದರೆ ಯಾರ ಆದಾಯ ಬರೆಯುವುದು? ನನ್ನ ಸಹಪಾಠಿಯೊಬ್ಬಳು ಇದೇ ಪ್ರಶ್ನೆ ಹಿಡಿದು ಒಂದು ಕಚೇರಿಗೆ ಮೂರು ಸಲ ಅಲೆದಳು. ಮೊದಲ ಸಲ ಅಪ್ಪನದು ತನ್ನಿ ಎಂದರು, ಎರಡನೇ ಸಲ ಗಂಡನದು, ಮೂರನೇ ಸಲ ಸರ್ವರ್ ಇರಲಿಲ್ಲ. ಆ ವರ್ಷ ಅವಳು ಅರ್ಜಿಯನ್ನೇ ಹಾಕಲಿಲ್ಲ. ತಿಂಗಳಿಗೆ ಎಂಟು ಸಾವಿರ ದುಡಿಯುವ ಅವಳ ಸ್ವಂತ ಆದಾಯದ ಚೀಟಿ ಕೊಡಿ ಎಂದು ಮಾತ್ರ ಯಾರೂ ಕೇಳಲಿಲ್ಲ.

ಬೇರೆ ದೇಶಗಳು ಇದನ್ನು ಹೇಗೆ ಬಿಡಿಸಿಕೊಂಡಿವೆ? ಅಮೆರಿಕದ ಫೆಡರಲ್ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಎಂಬ ಹಿಂದಿರುಗಿಸಬೇಕಿಲ್ಲದ ನೆರವಿಗೆ ವಯಸ್ಸಿನ ಮಿತಿಯೇ ಇಲ್ಲ. ಮೊದಲ ಪದವಿಗೆ ಓದುವವರಿಗೆ, ಅಗತ್ಯ ನೋಡಿ, 2025–26ರಲ್ಲಿ ವರ್ಷಕ್ಕೆ ಗರಿಷ್ಠ 7,395 ಡಾಲರ್. ಅರ್ಧ ಹೊತ್ತು ಓದುವವರಿಗೆ ಅದಕ್ಕೆ ತಕ್ಕಷ್ಟು. ವಯಸ್ಸು 24 ತುಂಬಿದವರನ್ನು ಸ್ವತಂತ್ರ ವಿದ್ಯಾರ್ಥಿ ಎಂದು ಎಣಿಸುತ್ತಾರೆ. ಆಮೇಲೆ ಅಪ್ಪ ಅಮ್ಮನ ಆದಾಯದ ಮಾತಿಲ್ಲ. ಮದುವೆಯಾದವರಿಗೆ ಸಂಗಾತಿಯ ಆದಾಯ ಅಲ್ಲಿಯೂ ಲೆಕ್ಕಕ್ಕೆ ಬರುತ್ತದೆ, ಆದರೆ ಗಂಡಿಗೂ ಹೆಣ್ಣಿಗೂ ಒಂದೇ ನಿಯಮ. ಟೆನೆಸಿ ರಾಜ್ಯ 2018ರಿಂದ, ಮಿಷಿಗನ್ 2021ರಿಂದ ‘ರಿಕನೆಕ್ಟ್’ ಎಂಬ ಹೆಸರಿನಲ್ಲಿ, ಓದು ಬಿಟ್ಟ ದೊಡ್ಡವರನ್ನೇ ಕರೆದು ಸಮುದಾಯ ಕಾಲೇಜುಗಳಲ್ಲಿ ಬೋಧನಾ ಶುಲ್ಕವಿಲ್ಲದೆ ಓದಿಸುತ್ತಿವೆ. ಸಿಂಗಪುರ 2016ರಿಂದ 25 ತುಂಬಿದ ತನ್ನ ಪ್ರಜೆಗಳಿಗೆ ಕಲಿಕೆಗೆಂದೇ 500 ಸಿಂಗಪುರ ಡಾಲರ್ ಖಾತೆಗೆ ಹಾಕಿತು.

ಅಮೆರಿಕವನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಅಲ್ಲಿನ ಕಾಲೇಜು ಶುಲ್ಕ ಮತ್ತು ವಿದ್ಯಾರ್ಥಿ ಸಾಲದ ಹೊರೆ ನಮಗೆ ಬೇಡವೇ ಬೇಡ. ನಮ್ಮಲ್ಲಿ ಶುಲ್ಕ ಕಡಿಮೆ, ಅದು ನಮ್ಮ ಭಾಗ್ಯ. ಆದರೆ 1944ರಲ್ಲೇ ಅವರು ಯುದ್ಧದಿಂದ ಮರಳುವ ಸೈನಿಕರಿಗಾಗಿ ಜಿಐ ಬಿಲ್ ತಂದರು, ಸುಮಾರು 22 ಲಕ್ಷ ಮಾಜಿ ಸೈನಿಕರು ಅದರ ಬಲದಿಂದ ಕಾಲೇಜು ಹತ್ತಿದರು. ಹೆಂಡತಿ ಮಕ್ಕಳಿರುವ, ಮೀಸೆ ಬಲಿತ ವಿದ್ಯಾರ್ಥಿಯನ್ನು ಕಂಡು ಅವರ ಕಾಲೇಜುಗಳು ಬೆರಗಾಗುವುದನ್ನು ಆಗಲೇ ಬಿಟ್ಟವು. ನಾವಿನ್ನೂ ಬೆರಗಾಗುತ್ತಿದ್ದೇವೆ.

ಇದಕ್ಕೆ ಒಂದು ಕಾರಣ ನಮ್ಮ ಮಾತಿನಲ್ಲೇ ಇದೆ. ವಯಸ್ಕರ ಶಿಕ್ಷಣ ಎಂದಾಕ್ಷಣ ಏನು ನೆನಪಾಗುತ್ತದೆ? ಲಾಟೀನು, ಸ್ಲೇಟು, ಅ ಆ ಇ ಈ. 1978ರ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ, 1988ರ ಸಾಕ್ಷರತಾ ಮಿಷನ್, ಈಗಿನ ಉಲ್ಲಾಸ್, ಎಲ್ಲವೂ ಅಕ್ಷರ ಕಲಿಸುವ ಕೆಲಸ, ಆಗಲೇಬೇಕಾದ ಕೆಲಸ. ಉನ್ನತ ಶಿಕ್ಷಣ ಎಂದರೆ 18ರಿಂದ 23. ಅಕ್ಷರ ಬಲ್ಲ, ಪಿಯುಸಿ ಆದ, 30ರ ಮನುಷ್ಯರು ಈ ಎರಡು ಇಲಾಖೆಗಳ ನಡುವಿನ ಸಂದಿಯಲ್ಲಿ ಬಿದ್ದಿದ್ದಾರೆ. ರಾಷ್ಟ್ರೀಯ ಶಿಕ್ಷಣ ನೀತಿಯ 21ನೇ ಅಧ್ಯಾಯದ ಶೀರ್ಷಿಕೆಯಲ್ಲೇ ವಯಸ್ಕರ ಶಿಕ್ಷಣದ ಜೊತೆ ಜೀವನಪರ್ಯಂತ ಕಲಿಕೆಯೂ ಇದೆ. ಓದು ಬಿಟ್ಟವರು ಮರಳಿ ಬರಲೆಂದು ಕ್ರೆಡಿಟ್‌ಗಳನ್ನು ಏಳು ವರ್ಷ ಕೂಡಿಡುವ ಬ್ಯಾಂಕ್ ಕೂಡ ಬಂದಿದೆ. ಅಂಕ ಕೂಡಿಡುವ ಬ್ಯಾಂಕ್ ಬಂತು, ಶುಲ್ಕಕ್ಕೆ ದುಡ್ಡು ಕೊಡುವವರು ಬರಲಿಲ್ಲ.

ಇನ್ನೊಂದು ವಿಚಿತ್ರ ನೋಡಿ. ರಾಜ್ಯದ ನೇಮಕಾತಿ ನಿಯಮದಲ್ಲಿ ಸಾಮಾನ್ಯವಾಗಿ ಹುದ್ದೆಗೆ ಸೇರುವ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ 40. ನೇಮಕಾತಿ ತಡವಾದಾಗ ಸರ್ಕಾರ ಇದನ್ನೂ ಸಡಿಲಿಸಿದೆ. ಪಿಡಿಒ ಆಗಲು ಪದವಿ ಬೇಕು. ಬ್ಯಾಂಕಿನ ಕ್ಲರ್ಕ್ ಆಗಲು ಬೇಕು. ಅಂಗನವಾಡಿ ಕಾರ್ಯಕರ್ತೆ ಮೇಲ್ವಿಚಾರಕಿ ಆಗಬೇಕೆಂದರೂ ಬೇಕು. 38ರಲ್ಲಿ ಕೆಲಸಕ್ಕೆ ಬಾ ಎನ್ನುವ ಸರ್ಕಾರವೇ 30ರಲ್ಲಿ ಆ ಕೆಲಸಕ್ಕೆ ಬೇಕಾದ ಪದವಿ ಓದುವವರನ್ನು ವಿದ್ಯಾರ್ಥಿ ಎನ್ನಲು ಹಿಂದೆಮುಂದೆ ನೋಡುತ್ತದೆ.

ಈ ಮಾತು ಈಗ ಏಕೆ ಎಂದರೆ, ಕೋವಿಡ್ ಬ್ಯಾಚ್. 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆಯೇ ರದ್ದಾಗಿ ಎಲ್ಲ ಹೊಸ ವಿದ್ಯಾರ್ಥಿಗಳೂ ಪಾಸಾದರು. ಆ ವರ್ಷ ಅಪ್ಪನ ಹೋಟೆಲ್ ಮುಚ್ಚಿತೆಂದು, ಅಮ್ಮ ತೀರಿಕೊಂಡರೆಂದು, ಆನ್‌ಲೈನ್ ಪಾಠಕ್ಕೆ ಫೋನಿಲ್ಲವೆಂದು ಕಾಲೇಜಿಗೆ ಹೋಗದೆ ಕೆಲಸಕ್ಕೆ ಸೇರಿದವರು ನಮ್ಮ ಓಣಿಯಲ್ಲೇ ಐದಾರು ಮಂದಿ ಇದ್ದಾರೆ. ಡೆಲಿವರಿ ಕೆಲಸ, ಫೈನಾನ್ಸ್ ಕಲೆಕ್ಷನ್ ಕೆಲಸ, ಪೆಟ್ರೋಲ್ ಬಂಕ್. ಆಗ 18 ಆಗಿದ್ದವರು ಈಗ 23ರ ಗೆರೆ ಮುಟ್ಟುತ್ತಿದ್ದಾರೆ. ಅವರಲ್ಲಿ ಇಬ್ಬರು ಹೋದ ವರ್ಷ ನನ್ನ ಹತ್ತಿರ ಬಂದು, ಅಕ್ಕಾ, ಈಗ ಸೇರಿದರೆ ಸ್ಕಾಲರ್‌ಶಿಪ್ ಬರುತ್ತಾ ಎಂದು ಕೇಳಿದರು. ಒಬ್ಬ ಸೇರಿದ, ಒಬ್ಬ ಸೇರಲಿಲ್ಲ. ಸೇರದವನ ಲೆಕ್ಕ ಸರಿಯಾಗಿಯೇ ಇತ್ತು: ಶುಲ್ಕ ಒಂದೇ ಆಗಿದ್ದರೆ ಕಟ್ಟಬಹುದಕ್ಕಾ, ಪರೀಕ್ಷೆ ಹದಿನೈದು ದಿನ ನಡೆದರೆ ಆ ಹದಿನೈದು ದಿನದ ದುಡಿಮೆ ಯಾರು ಕೊಡ್ತಾರೆ ಅಂದ.

ಎದುರು ವಾದವೂ ಇದೆ, ಹಗುರವಾದುದಲ್ಲ. ಹಣ ಸೀಮಿತ. ಹಾಸ್ಟೆಲ್ ಸಿಗದೆ ಒದ್ದಾಡುವ 18ರ ಮಕ್ಕಳನ್ನು ಬಿಟ್ಟು 35ರವರಿಗೆ ಕೊಡಬೇಕೇ? ದೂರಶಿಕ್ಷಣದಲ್ಲಿ ಹೆಸರು ಬರೆಸಿ ದುಡ್ಡು ಎತ್ತುವವರು ಹುಟ್ಟಿಕೊಳ್ಳುವುದಿಲ್ಲವೇ? ಎರಡನೆಯ ಭಯಕ್ಕೆ ಇತಿಹಾಸವಿದೆ. 1996ರಲ್ಲಿ ಮೈಸೂರಿನಲ್ಲಿ ಶುರುವಾದ ನಮ್ಮ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ತನ್ನ ವ್ಯಾಪ್ತಿ ಮೀರಿ, ಖಾಸಗಿ ಕೇಂದ್ರಗಳ ಮೂಲಕ ಹೊರರಾಜ್ಯಗಳಲ್ಲೂ ಕೋರ್ಸ್ ನಡೆಸಿದ ಆರೋಪದಲ್ಲಿ 2015ರಲ್ಲಿ ಯುಜಿಸಿ ಮಾನ್ಯತೆ ಕಳೆದುಕೊಂಡಿತು. ಅದು ಮರಳಿ ಸಿಕ್ಕಿದ್ದು 2018ರಲ್ಲಿ. ಆ ನಡುವೆ ಸಿಕ್ಕಿಹಾಕಿಕೊಂಡವರು ಬಹುಪಾಲು ದುಡಿಯುತ್ತ ಓದುತ್ತಿದ್ದವರೇ. 18ರ ಹುಡುಗರಿಗೆ ಒಂದು ವರ್ಷ ಹಾಳಾದರೆ ಇನ್ನೊಂದು ಕಾಲೇಜಿದೆ. ನೇಮಕಾತಿಯ ವಯೋಮಿತಿ ಹತ್ತಿರವಾದವರಿಗೆ ಆ ವರ್ಷಗಳು ವಾಪಸ್ ಬರುವುದಿಲ್ಲ.

ಮೊದಲ ಸರದಿ ಚಿಕ್ಕವರದೇ ಇರಲಿ, ನನ್ನದೇನೂ ತಕರಾರಿಲ್ಲ. ಸರದಿಯಲ್ಲಿ ಕೊನೆಗೆ ನಿಲ್ಲುವುದಕ್ಕೂ ಸರದಿಗೇ ಸೇರಿಸದಿರುವುದಕ್ಕೂ ವ್ಯತ್ಯಾಸವಿದೆ. ಮೋಸದ ಭಯಕ್ಕೆ ಸುಲಭದ ಮದ್ದೂ ಇದೆ: ಪಾಸಾದ ಮೇಲೆ ಕೊಡಿ. ಮೊದಲ ಪದವಿ ಓದುತ್ತಿರುವ, 24 ದಾಟಿದ, ಸ್ವಂತ ಆದಾಯ ಇಷ್ಟರೊಳಗಿರುವವರು ವರ್ಷದ ಪರೀಕ್ಷೆ ಪಾಸಾದರೆ ಆ ವರ್ಷದ ಶುಲ್ಕ ಖಾತೆಗೆ ವಾಪಸ್. ಹೆಸರಿಗಷ್ಟೇ ಸೇರಿದವರು ಪರೀಕ್ಷೆ ಬರೆದು ಪಾಸಾಗುವುದಿಲ್ಲ. ಮುಕ್ತ ವಿಶ್ವವಿದ್ಯಾಲಯದ ಬಿ.ಎ., ಬಿ.ಕಾಂ. ಶುಲ್ಕ ಲಕ್ಷಗಳ ಮಾತಲ್ಲ, ವರ್ಷಕ್ಕೆ ಕೆಲವು ಸಾವಿರ. ಕಾರ್ಮಿಕ ಮಂಡಳಿಗಳ ಆದೇಶದಲ್ಲಿ ‘ಕಾರ್ಮಿಕರ ಮಕ್ಕಳು’ ಎಂದಿರುವಲ್ಲಿ ‘ಕಾರ್ಮಿಕರು ಮತ್ತು ಅವರ ಮಕ್ಕಳು’ ಎಂದು ತಿದ್ದಲು ಹೊಸ ಯೋಜನೆಯೇ ಬೇಕಿಲ್ಲ. ಯುವನಿಧಿಯ ಷರತ್ತಿನಿಂದ ದೂರಶಿಕ್ಷಣವನ್ನು ಹೊರಗಿಡಲೂ ಹೊಸ ಇಲಾಖೆ ಬೇಡ.

ಆದರೂ ಶುಲ್ಕಕ್ಕಿಂತ ದೊಡ್ಡ ಖರ್ಚು ಸಮಯದ್ದು ಎಂದು ಓದಿದವರಿಗೆಲ್ಲ ಗೊತ್ತು. ಶಕ್ತಿ ಯೋಜನೆಯನ್ನು ಶೈಕ್ಷಣಿಕ ಯೋಜನೆ ಎಂದು ಯಾರೂ ಕರೆಯುವುದಿಲ್ಲ. ಆದರೆ 2023ರ ಜೂನ್‌ನಿಂದ ಪಾವಗಡ, ಶಿರಾದಿಂದ ಭಾನುವಾರ ನಮ್ಮ ಕೇಂದ್ರಕ್ಕೆ ಬರುವ ಹೆಂಗಸರಿಗೆ ಸಿಕ್ಕ ಅತಿ ದೊಡ್ಡ ವಿದ್ಯಾರ್ಥಿವೇತನ ಆ ಉಚಿತ ಟಿಕೆಟ್ಟೇ. ಬರುವಾಗ ಕಂಕುಳಲ್ಲಿ ಕೂಸು ಇರುತ್ತದೆ. ಒಬ್ಬರು ಪಾಠ ಕೇಳುವಾಗ ಇನ್ನೊಬ್ಬರು ವರಾಂಡದಲ್ಲಿ ಮಗು ಎತ್ತಿಕೊಂಡು ತಿರುಗುತ್ತಾರೆ, ಅರ್ಧ ಗಂಟೆಗೊಮ್ಮೆ ಅದಲುಬದಲು. ನರೇಗಾ ಕೆಲಸಕ್ಕೆ ಬರುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದ ಸರ್ಕಾರಕ್ಕೆ ಪರೀಕ್ಷಾ ಕೇಂದ್ರದಲ್ಲಿ ಒಂದು ಕೋಣೆ, ಒಬ್ಬ ಆಯಾ ಒದಗಿಸುವುದು ಕಷ್ಟವೇ? ಹಳ್ಳಿಯ ‘ಅರಿವು ಕೇಂದ್ರ’ಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಪಕ್ಕದಲ್ಲಿ ಮುಕ್ತ ವಿಶ್ವವಿದ್ಯಾಲಯದ ಪಠ್ಯಗಳನ್ನೂ ಇಟ್ಟು, ರಾತ್ರಿ ಎಂಟರವರೆಗೆ ಬಾಗಿಲು ತೆಗೆದಿಟ್ಟರೆ ಹೇಗೆ?

ಸರ್ಕಾರ ಬದಲಾಗುವವರೆಗೆ ಕಾಯಬೇಕಿಲ್ಲದ ಒಂದೆರಡು ಮಾತು, ಓಣಿಯ ಆ ಇಬ್ಬರು ಹುಡುಗರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಮುಕ್ತ ವಿಶ್ವವಿದ್ಯಾಲಯಗಳ ಪ್ರವೇಶ ವರ್ಷಕ್ಕೆರಡು ಸಲ, ಜುಲೈ ಮತ್ತು ಜನವರಿ ಆವೃತ್ತಿಗಳಲ್ಲಿ. ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಪಿಎಲ್ ಕಾರ್ಡಿನ ಮಹಿಳೆಯರಿಗೆ, ಆಟೊ ಮತ್ತು ಕ್ಯಾಬ್ ಚಾಲಕರಿಗೆ, ಮಾಜಿ ಸೈನಿಕರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಶುಲ್ಕ ರಿಯಾಯಿತಿ ಕೊಡುತ್ತ ಬಂದಿದ್ದಾರೆ. ಶುಲ್ಕ ಕಟ್ಟುವ ಮೊದಲೇ ಕೇಳಬೇಕು, ಕಟ್ಟಿದ ಮೇಲೆ ಕೇಳಿದರೆ ಪ್ರಯೋಜನವಾಗದು. ಇಗ್ನೊದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಕೆಲವು ಕೋರ್ಸ್‌ಗಳಿಗೆ ಶುಲ್ಕ ವಿನಾಯಿತಿ ಇದೆ. ಯಾವ ಕೋರ್ಸ್ ಎಂದು ಆ ಆವೃತ್ತಿಯ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಈಗಲೇ ನಾಡಕಚೇರಿಗೆ ಅರ್ಜಿ ಹಾಕಿ, ಕೊನೆಯ ವಾರದಲ್ಲಿ ಸರ್ವರ್ ಇರುವುದಿಲ್ಲ. ಬೀದಿಬೀದಿಯಲ್ಲಿ ‘ಒಂದೇ ವರ್ಷದಲ್ಲಿ ಡಿಗ್ರಿ’ ಎಂದು ಬೋರ್ಡು ಹಾಕಿಕೊಂಡವರ ಹತ್ತಿರ ಹೋಗುವ ಮುನ್ನ ಆ ವಿಶ್ವವಿದ್ಯಾಲಯದ ಹೆಸರು ಯುಜಿಸಿಯ ದೂರಶಿಕ್ಷಣ ಪಟ್ಟಿಯಲ್ಲಿ ಈ ವರ್ಷಕ್ಕೆ ಇದೆಯೇ ಎಂದು ಫೋನಿನಲ್ಲೇ ನೋಡಬಹುದು, ಎರಡು ನಿಮಿಷದ ಕೆಲಸ. ಸೇರಿದ ಹುಡುಗ ಈಗ ಮೊದಲ ವರ್ಷದ ಪರೀಕ್ಷೆ ಬರೆದಿದ್ದಾನೆ. ಇತಿಹಾಸದ ಪತ್ರಿಕೆ ಕೈಕೊಟ್ಟಿತು ಅಂದ, ನೋಟ್ಸ್ ಕೊಟ್ಟಿದ್ದೇನೆ.